ಹಳ್ಳದ ದಂಡೆಯ ಪುಸ್ತಕ

"ಕಾಲು ತೊಳ್ಕಂಡು ಇಳ್ದಿಯೇನೆ ಗುಂಡಿಗೆ? ಸರಸ್ವತಿ ಮನೆ ಗೋಡೆಗೆ ಹಚ್ಚೂ ಗಾರೆ ಅದು, ನಿನ್ನ ಗುಡಿಸಲಿಗಲ್ಲ."

ಅಂಕೋಲೆಯ ವಾಚನಾಲಯದ ಮೆಟ್ಟಿಲ ಮೇಲೆ ಕೊಡೆಯೂರಿ ನಿಂತ ತುಳಸಿದಾಸರಾಯರು ಹೀಗೆ ಕೇಳುವಾಗ ಸುಣ್ಣದ ಕೇರಿಯ ಸೋಮಿ ಮೊಣಕಾಲ ತನಕ ಗಾರೆಯಲ್ಲಿದ್ದಳು. ಬೆಳಗಿನಿಂದ ತುಳಿಯುತ್ತಿದ್ದಳು. ಚಿಪ್ಪು ಸುಟ್ಟ ಸುಣ್ಣ, ಮರಳು, ಬೆಲ್ಲದ ನೀರು ಮೂರೂ ಸೇರಿ ಬೆಣ್ಣೆಯಾಗುವ ತನಕ ತುಳಿಯಬೇಕು. ಬೆರಳ ಸಂದಿಗೆ ಒಂದು ಗಂಟೂ ಸಿಗಬಾರದು. ಅಷ್ಟು ಹೊತ್ತಿಗೆ ಅಂಗಾಲಿನ ಚರ್ಮ ಬಿಳಿಚಿಕೊಂಡು, ನೆನೆದ ಅಕ್ಕಿಯ ಹಾಗೆ, ಮುಟ್ಟಿದರೆ ಪುಡಿಯಾಗುತ್ತಿತ್ತು. ಕಾಲಿನ ಕೊಳೆಯ ಮಾತು ಹಾಗಿರಲಿ, ಕಾಲೇ ಉಳಿಯದ ಕೆಲಸ. ಅದನ್ನು ಒಡೆಯರ ಹತ್ತಿರ ಹೇಳಿ ಏನು ಬಂತು?

"ತೊಳ್ದೇ ಇಳ್ದದ್ದು ಒಡ್ಯಾ," ಅಂದಳು.

"ಎಲ್ಲಿ ತೊಳ್ದೆ?"

"ಹಳ್ಳದಲ್ಲಿ."

"ಹಾಂ, ಹಳ್ಳದಲ್ಲಿ. ಕುಂಡೆ ತೊಳೂದೂ ಅಲ್ಲೇ, ಕಾಲು ತೊಳೂದೂ ಅಲ್ಲೇ." ರಾಯರು ಮೇಸ್ತ್ರಿಯ ಕಡೆ ನೋಡಿ ನಕ್ಕರು, ಮೇಸ್ತ್ರಿಗೂ ನಗಲೇಬೇಕಾಯಿತು. "ತುಳಿ, ತುಳಿ. ಇನ್ನೆಷ್ಟು ದಿವ್ಸ ಆ ಹಳ್ಳ ನಿಮ್ಗೆ."

ತುಳಿಯುತ್ತಿದ್ದ ಸೋಮಿಯ ಕಾಲು ನಿಂತದ್ದು ಆ ಕೊನೆಯ ಮಾತಿಗೆ. ಬಾಳೆಗುಳಿ ಊರಿನ ಕೆಳಗೆ ಹಳ್ಳ ಸಮುದ್ರದ ಕಡೆ ತಿರುಗುವಲ್ಲಿ ಅವರ ಕೇರಿ. ಹದಿನಾಲ್ಕು ಗುಡಿಸಲು, ನಡುವೆ ಚಿಪ್ಪು ಸುಡುವ ಒಂದು ಸುಣ್ಣದ ಗೂಡು. ಆ ದಂಡೆ ನನ್ನದು, ಅಲ್ಲಿ ತೆಂಗು ನೆಡಿಸುವವನಿದ್ದೇನೆ, ಮಳೆ ಹಿಡಿಯುವುದರೊಳಗೆ ಎದ್ದುಹೋಗಿ ಎಂದು ರಾಯರು ಹೋಳಿ ಹುಣ್ಣಿಮೆಯ ಮರುದಿನ ಹೇಳಿಕಳಿಸಿದ್ದರು. ಎಲ್ಲಿಗೆ ಎಂದು ಹೇಳಿರಲಿಲ್ಲ. ಚಿಪ್ಪು ಸಿಗುವುದು ಹಳ್ಳದಲ್ಲಿ, ಅದನ್ನು ಸುಡುವುದು ದಂಡೆಯಲ್ಲಿ. ದಂಡೆ ಹೋದರೆ ಆ ಜನಕ್ಕೆ ಕಸುಬೂ ಇಲ್ಲ, ಊರೂ ಇಲ್ಲ.

ವಾಚನಾಲಯದ್ದು ಬೇರೆಯೇ ಕಥೆ. ಕರನಿರಾಕರಣೆಯ ಗಲಾಟೆಯಲ್ಲಿ ಪೋಲೀಸರು ಅದಕ್ಕೆ ಬೀಗ ಜಡಿದು ಆರು ವರ್ಷ ಕಳೆದಿತ್ತು. ಅಷ್ಟರಲ್ಲಿ ಮಾಡಿನ ಹಂಚು ಜಾರಿ, ಗೋಡೆ ಪಾಚಿಗಟ್ಟಿ, ಕಪಾಟುಗಳಲ್ಲಿದ್ದದ್ದನ್ನು ಮುಕ್ಕಾಲು ಪಾಲು ಗೆದ್ದಲು ಓದಿ ಮುಗಿಸಿತ್ತು. ಈಗ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ನಮ್ಮವರದೇ ಮಂತ್ರಿಮಂಡಲ ಬಂದು ಬೀಗ ತೆಗೆಸಿ ರಿಪೇರಿಗೆ ಗ್ರಾಂಟು ಕೊಟ್ಟಿತ್ತು. ಜೊತೆಗೆ ಒಂದು ಷರತ್ತು: ಊರವರನ್ನೆಲ್ಲ ಕೇಳಿ ಕಟ್ಟಬೇಕು, ಹರಿಜನರನ್ನೂ ಕೇಳಬೇಕು. ಕಮಿಟಿಯ ಅಧ್ಯಕ್ಷರು ತುಳಸಿದಾಸರಾಯರೇ. ಅವರು ಜೈಲಿಗೆ ಹೋದವರೂ ಅಲ್ಲ, ಜೈಲಿಗೆ ಹೋಗಿ ಬಂದವರಿಗೆ ಬೇಡವಾದವರೂ ಅಲ್ಲ. ಏನೇನು ಬೇಕು ಹೇಳಿ ಎಂದು ಡಂಗುರ ಹೊಡೆಸಿದರು. ಊರಿಗೆ ಬಾಯಿ ಬಂತು. ವಕೀಲರು ಕೈಯಿರುವ ಕುರ್ಚಿ ಕೇಳಿದರು. ಭಟ್ಟರು ಚಪ್ಪಲಿ ಹೊರಗೆ ಬಿಡುವ ನಿಯಮ ಕೇಳಿದರು. ಪೇಟೆಯ ಹೆಂಗಸರು ಪರದೆಯ ಹಿಂದೊಂದು ಬೆಂಚು ಕೇಳಿದರಂತೆ. ಕಾರವಾರದ ಹಬ್ಬುವಾಡದಿಂದ ಬಂದು ನೆಲೆಸಿದ್ದ ಪೆನ್ಶನ್ ಗುಮಾಸ್ತರೊಬ್ಬರು ಗೋಡೆಗೊಂದು ಗಡಿಯಾರ ಬೇಕೆಂದು ಮೂರು ಸಲ ಬರೆದುಕೊಟ್ಟರಂತೆ.

ಎಲ್ಲರ ಮಾತನ್ನೂ ನೋಟುಬುಕ್ಕಿಗೆ ಇಳಿಸುತ್ತಿದ್ದವರು ನಾಗಪತಿ ಮಾಸ್ತರು. ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ ಶಾಲೆಯ ನೌಕರಿ ಕಳೆದುಕೊಂಡವರು, ಖಾದಿ ಉಡುವವರು, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ವಾಚನಾಲಯ ತೆರೆದ ದಿನದಿಂದ ಗ್ರಂಥಪಾಲಕನ ಕೆಲಸ ನಿಮ್ಮದು ಎಂದು ರಾಯರು ಅವರಿಗೆ ಮಾತು ಕೊಟ್ಟಿದ್ದರು. ಮನೆಯಲ್ಲಿ ಅವರ ಹೆಂಡತಿ ಭಾಗೀರಥಿ ಆರು ವರ್ಷದಿಂದ ತವರಿನ ಅಕ್ಕಿಯಲ್ಲಿ ಗಂಜಿ ಬೇಯಿಸುತ್ತಿದ್ದಳು.

ಮಾಸ್ತರು ಕೇರಿಗೂ ಬಂದರು. ನೋಟುಬುಕ್ಕು ಹಿಡಿದ ಮನುಷ್ಯ ದೂರದಿಂದ ಕಂಡದ್ದೇ, ಸಿಡುಬಿಗೆ ಚುಚ್ಚುವವನು ಬಂದ ಎಂದು ಹೆಂಗಸರು ಮಕ್ಕಳನ್ನು ಗುಡಿಸಲೊಳಗೆ ತಳ್ಳಿ ತಟ್ಟಿ ಮುಚ್ಚಿಕೊಂಡರು. ಸೋಮಿಯ ಗಂಡ ಜಟ್ಟ ಹೋಗಿ ವಿಚಾರಿಸಿ ಬಂದು, ಸೂಜಿ ಗೀಜಿ ಏನಿಲ್ಲ, ಬರೀ ಬಾಯಿಮಾತು ಎಂದ ಮೇಲೆ ಜನ ಹೊರಗೆ ಬಂತು. ಮಾಸ್ತರು ಹೊನ್ನೆಮರದ ಬುಡದಲ್ಲಿ ನಿಂತರು. ಕೇರಿ ಹತ್ತು ಮಾರು ಆಚೆ ಕೂತಿತು. ವಾಚನಾಲಯದಲ್ಲಿ ನಿಮಗೆ ಏನಿರಬೇಕು ಹೇಳಿ ಎಂದರು. ಏನು ಬೇಕು ಎಂದು ಆ ಜನವನ್ನು ಯಾರೂ ಅದುವರೆಗೆ ಕೇಳಿದ್ದಿಲ್ಲ. ಕಡೆಗೆ ಒಬ್ಬ, ರಸ್ತೆಬದಿಗೆ ಕುಡಿಯುವ ನೀರಿನ ಕೊಡ ಇಟ್ಟರೆ ಆದೀತು ಎಂದ. ಇನ್ನೊಬ್ಬಳು ನೆರಳಿಗೆ ಒಂದು ಮಾಡು ಎಂದಳು. ಮಾಸ್ತರು ಎರಡನ್ನೂ ಬರೆದುಕೊಂಡರು.

ಆಗ ಜಟ್ಟನ ತಾಯಿ ಸುಬ್ಬಿ, ಇದುವರೆಗೆ ಮೊಣಕಾಲ ಮೇಲೆ ಗದ್ದ ಊರಿ ಕೂತಿದ್ದವಳು, ತಲೆ ಎತ್ತಿದಳು.

"ಅಲ್ಲಿ ಎಲ್ಲಾ ಪುಸ್ತಕಾನೂ ಇರ್ತದ್ಯಾ ಮಾಸ್ತರೆ?"

ಮಾಸ್ತರ ಮುಖ ಅರಳಿತು. "ಎಲ್ಲಾ ತರದ್ದೂ ಇರ್ತದೆ ಅಜ್ಜಿ. ಯಾರು ಕೇಳಿದ್ರೂ ಕೊಡ್ಬೇಕು. ಓದೂಕೆ ಬರ್ದೇ ಇದ್ದವ್ರಿಗೆ ನಾನೇ ಓದಿ ಹೇಳ್ತೆ."

"ಹಂಗಾರೆ ನಮ್ಮ ದಂಡೆ ಬರ್ದ ಪುಸ್ತಕ ಇಡಿ."

ಮಾಸ್ತರಿಗೆ ತಿಳಿಯಲಿಲ್ಲ. ಸುಬ್ಬಿ ವಿವರವಾಗಿ ಹೇಳಿದಳು. ಅವಳು ಈ ಕೇರಿಗೆ ಮದುವೆಯಾಗಿ ಬಂದ ವರ್ಷವೇ ಸರಕಾರದವರು ಸರಪಳಿ ಹಿಡಿದು ದಂಡೆ ಅಳೆದಿದ್ದರು. ಕುರ್ಚಿ ಹಾಕಿಸಿಕೊಂಡು ಕೂತ ಸಾಹೇಬ ಅವಳ ಮಾವನನ್ನು ಕರೆದು ಹೆಸರು ಕೇಳಿದ. ಹೊನ್ನು ಮುಕ್ರಿ ಎಂದು ಮಾವ ಹೇಳಿದ. ಸಾಹೇಬ ಅದನ್ನು ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಮೇಲೆ ಆ ಪುಸ್ತಕ ಸರಕಾರಿ ಚಾವಡಿಯ ಬಟ್ಟೆಗಂಟಿನೊಳಗೆ ಸೇರಿತು. ಕೇಳಲು ಹೋದಾಗೆಲ್ಲ, ಅದರಲ್ಲಿರುವುದು ರಾಯರ ಅಪ್ಪನ ಹೆಸರು ಎಂದು ರಾಯರ ಕಾರಭಾರಿಯೇ ಹೇಳಿ ಅಟ್ಟುತ್ತಿದ್ದ. ಗಂಟು ಬಿಚ್ಚಿ ಓದಿದವರು ಯಾರೂ ಇಲ್ಲ. ಕರ ಕೊಡದೆ ಜೈಲಿಗೆ ಹೋದವರಿಗೆಲ್ಲ, ಜಪ್ತಾಗಿದ್ದ ಗದ್ದೆ ಈಚೆಗೆ ವಾಪಸು ಬಂತು. ಚಾವಡಿಯ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ಹೆಸರು ಕೂಗಿ ಕೂಗಿ ಕೊಟ್ಟದ್ದನ್ನು ಸುಬ್ಬಿ ರಸ್ತೆಯಾಚೆ ನಿಂತು ನೋಡಿದ್ದಳು. ಅಂದ ಮೇಲೆ, ಪುಸ್ತಕ ಓದಿದರೆ ನೆಲ ಸಿಗುತ್ತದೆ. ಈಗ ಪುಸ್ತಕಗಳನ್ನೆಲ್ಲ ಒಂದು ಮನೆಯಲ್ಲಿಟ್ಟು, ಕೇಳಿದವರಿಗೆ ಓದಿ ಹೇಳುತ್ತಾರಂತೆ. ಬೇರೆ ಏನು ಕೇಳುವುದು ಹಾಗಾದರೆ?

ಕೇರಿಗೆಲ್ಲ ಅದು ಸರಿಯಾಗಿಯೇ ಕಂಡಿತು. ಪುಸ್ತಕ ಅಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ.

"ಅದು ಚಾವಡಿ ದಪ್ತರ ಅಜ್ಜಿ, ವಾಚನಾಲಯದ್ದಲ್ಲ," ಎಂದು ಮಾಸ್ತರು ನಕ್ಕರು.

"ಪುಸ್ತಕ ಹೌದೋ ಅಲ್ವೋ?"

"ಪುಸ್ತಕ ಹೌದು."

"ಹಂಗಾರೆ ಬರೀರಿ."

ಮಾಸ್ತರು ಬರೆದರು. ಬರೆದದ್ದನ್ನು ದೊಡ್ಡದಾಗಿ ಓದಿಯೂ ಹೇಳಿದರು. ತಮ್ಮ ಮಾತು ಕಾಗದದ ಮೇಲಿಂದ ತಿರುಗಿ ತಮ್ಮ ಕಿವಿಗೇ ಬಂದದ್ದು ಕೇರಿಗೆ ಎಷ್ಟು ಸೋಜಿಗವಾಯಿತೆಂದರೆ, ಇನ್ನೊಂದು ಸಲ ಓದಿ ಎಂದು ಕೇಳಿ ಓದಿಸಿಕೊಂಡರು.

ಸೂಚನೆಗಳನ್ನು ಕಮಿಟಿಯ ಮುಂದೆ ಓದಿದ್ದು ವಾಚನಾಲಯದ ಜಗಲಿಯಲ್ಲಿ. ಅಂಗಳದಲ್ಲಿ ಗೆದ್ದಲು ಕೆಡವಲು ಪುಸ್ತಕಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿದ್ದರು. ಅದರಾಚೆ ಗುಂಡಿಯಲ್ಲಿ ಸೋಮಿಯೂ ಇನ್ನಿಬ್ಬರೂ ಗಾರೆ ತುಳಿಯುತ್ತಿದ್ದರು. ತುಳಿದ ಗಾರೆಯನ್ನು ಅವರು ಕಟ್ಟಡದ ಪಂಚಾಂಗದ ಕಟ್ಟೆಯ ಅಂಚಿನ ತನಕ ತಂದಿಡಬೇಕು, ಅಲ್ಲಿಂದ ಮೇಸ್ತ್ರಿಯ ಜನ ಎತ್ತಿಕೊಳ್ಳುತ್ತಿದ್ದರು. ಜಗಲಿಯ ಮಾತೆಲ್ಲ ಗುಂಡಿಗೆ ಕೇಳಿಸುತ್ತಿತ್ತು. ಕುರ್ಚಿ ಒಪ್ಪಿಗೆಯಾಯಿತು. ಚಪ್ಪಲಿಯ ನಿಯಮ ಒಪ್ಪಿಗೆಯಾಯಿತು. ಪರದೆಯ ಬಣ್ಣದ ಬಗ್ಗೆ ಬಹಳ ಹೊತ್ತು ಚರ್ಚೆ ನಡೆಯಿತು.

"ಹದಿನೇಳನೆಯದು, ಸುಣ್ಣದ ಕೇರಿಯವರಿಂದ," ಮಾಸ್ತರು ಕೆಮ್ಮಿದರು. "ಹಳ್ಳದ ದಂಡೆಯ ಜಮೀನು ಯಾರ ಹೆಸರಿನಲ್ಲಿದೆ ಎಂದು ಬರೆದಿರುವ ಪುಸ್ತಕವನ್ನು ವಾಚನಾಲಯದಲ್ಲಿಟ್ಟು, ಕೇಳಿದವರಿಗೆ ಓದಿ ಹೇಳಬೇಕು."

ವಕೀಲರು ಎಲೆಯಡಿಕೆ ಬಾಯಿಂದ ಸಿಡಿಯುವ ಹಾಗೆ ನಕ್ಕರು. ಅವರ ಹಿಂದೆ ಉಳಿದವರೂ ನಕ್ಕರು. ನಗದೆ ಉಳಿದವರು ತುಳಸಿದಾಸರಾಯರೊಬ್ಬರೇ. ಅವರು ಎದ್ದು ಮೆಟ್ಟಿಲಿಳಿದು, ಚಾಪೆಯ ಮೇಲಿಂದ ಒಂದು ದಪ್ಪ ಪುಸ್ತಕ ಎತ್ತಿ, ಗುಂಡಿಯ ಅಂಚಿಗೆ ತಂದು ಬಿಚ್ಚಿ ನೆಲದ ಮೇಲಿಟ್ಟರು.

"ತಕಾ, ಇದೇ ನೀವು ಕೇಳಿದ ಪುಸ್ತಕ. ನಿನ್ನ ಗಂಡನ ಅಜ್ಜನ ಹೆಸರು ಎಲ್ಲದೆ ತೋರ್ಸೆ. ತೋರ್ಸಿದ್ರೆ ದಂಡೆ ಇವತ್ತಿಂದ ನಿಮ್ದು. ಇಷ್ಟೆಲ್ಲಾ ಜನ ಸಾಕ್ಷಿ."

ಗೇಲಿ ಎಂದು ಸೋಮಿಗೆ ಗೊತ್ತಿತ್ತು. ಅಷ್ಟು ಗೊತ್ತಾಗದ ಹೆಂಗಸಲ್ಲ ಅವಳು. ಆದರೂ ಸಾಕ್ಷಿ ಎಂಬ ಮಾತು ಅವಳನ್ನು ಹಿಡಿಯಿತು. ಒಂದು ವೇಳೆ? ಬಗ್ಗಿ ನೋಡಿದಳು. ಗೋಡೆ ಹತ್ತುವ ಇರುವೆಗಳ ಹಾಗೆ ಸಾಲು ಸಾಲು. ಹೊನ್ನು ಅಂದರೆ ಸಣ್ಣ ಹೆಸರು, ಬಾಯಿ ತೆರೆದು ಮುಚ್ಚುವುದರೊಳಗೆ ಮುಗಿಯುತ್ತದೆ. ಬರೆದರೂ ಸಣ್ಣದೇ ಇದ್ದೀತು. ಒಂದು ಸಾಲಿನ ತುದಿಯಲ್ಲಿ ಒಂಟಿಯಾಗಿ ನಿಂತ ಗಿಡ್ಡ ಮಾತೊಂದನ್ನು ಹುಡುಕಿ ಅದರ ಮೇಲೆ ಬೆರಳಿಟ್ಟಳು. ಬೆರಳಿನಿಂದ ಗಾರೆ ಇಳಿದು ಪುಟದ ಮೇಲೆ ಹರಡಿತು.

ರಾಯರು ಸೊಂಟ ಬಗ್ಗಿಸಿ ಓದಿದರು. "ಅಜೀರ್ಣಕ್ಕೆ ಶುಂಠಿ." ಎದ್ದು ನಿಂತು ಜಗಲಿಗೆಲ್ಲ ಕೇಳುವ ಹಾಗೆ ಹೇಳಿದರು: "ಇವ್ಳ ಗಂಡನ ಅಜ್ಜ ಶುಂಠಿ ಕೊಂಬಂತೆ."

ಈ ಸಲ ಮೇಸ್ತ್ರಿಯ ಆಳುಗಳೂ ನಕ್ಕರು. ನಗು ಇಳಿದ ಮೇಲೆ ಭಟ್ಟರು, ಮುಟ್ಟಿದ ಪುಸ್ತಕವನ್ನು ಒಳಗೆ ಹೇಗೆ ಇಡುವುದು ಎಂದು ಕೇಳಿದರು. ಒರೆಸಿ ಇಡಬಹುದು ಎಂದು ಮಾಸ್ತರು ಮೆಲ್ಲಗೆ ಅಂದರು. ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರಾಯರು ಕೊಡೆಯ ತುದಿಯಿಂದ ಪುಸ್ತಕವನ್ನು ತಳ್ಳಿದರು. ಅದು ಗುಂಡಿಗೆ ಬಿದ್ದು, ಪುಟಗಳು ಒಮ್ಮೆ ಬಡಿದುಕೊಂಡು, ಸೋಮಿಯ ಕಾಲ ಹತ್ತಿರ ಮುಳುಗಿತು.

"ತುಳಿಯೇ ರಂಡೆ. ಪುಸ್ತಕ ಬೇಕಿತ್ತಲ್ಲ. ತುಳಿದು ಗೋಡೆಗೆ ಸೇರ್ಸು."

ಸೋಮಿ ತುಳಿದಳು. ರಟ್ಟು ಗಟ್ಟಿಯಿತ್ತು, ಮೊದಲು ಹಿಮ್ಮಡಿಯಲ್ಲಿ ಒಡೆಯಬೇಕಾಯಿತು. ಹಾಳೆಗಳು ಬೇಗ ಕರಗಿದವು. ಜಗಲಿಯ ಮೇಲೆ ಮಾಸ್ತರು ನೋಟುಬುಕ್ಕಿನ ಪುಟ ತಿರುಗಿಸಿ ಓದಿದರು: "ಹದಿನೆಂಟನೆಯದು. ಗಡಿಯಾರ."

ಮೂರು ದಿನ ಬಿಟ್ಟು ಕಾರಭಾರಿ ಹತ್ತು ಆಳುಗಳನ್ನೂ ಕೊಡಪಾನಗಳನ್ನೂ ತೆಗೆದುಕೊಂಡು ಮಟಮಟ ಮಧ್ಯಾಹ್ನ ಕೇರಿಗೆ ಬಂದ. ಗೂಡಿಗೆ ಬೆಂಕಿಯಿಟ್ಟು ಎರಡು ದಿನವಾಗಿತ್ತು. ವಾಚನಾಲಯಕ್ಕೆ ಬಳಿಯುವ ಕೊನೆಯ ಸುಣ್ಣ ಒಳಗೆ ಬೇಯುತ್ತಿತ್ತು. ಆಳುಗಳು ಹಳ್ಳಕ್ಕಿಳಿದು ನೀರು ತುಂಬಿಕೊಂಡು ಬಂದರು. ಏನು ಮಾಡಲಿದ್ದಾರೆ ಎಂದು ತಿಳಿದದ್ದೇ ಜಟ್ಟ ಓಡಿಬಂದು ಗೂಡಿನ ಬಾಯಿಗೆ ಅಡ್ಡ ನಿಂತ.

"ಬ್ಯಾಡ್ರಾ, ಒಳಗೆ ಕೆಂಡ ಅದೆ. ಸುಣ್ಣ ಸಿಡೀತದೆ. ನೀವೂ ಸಾಯ್ತ್ರಿ."

"ಪುಸ್ತಕ ಬೇಕೇನಾ ಬೋಳಿಮಗನೆ ನಿಂಗೆ?" ಎಂದ ಕಾರಭಾರಿ, ತಾನು ಮಾತ್ರ ಹಿಂದೆ ಸರಿದು ನಿಂತು. "ಹುಯ್ರೋ."

ಹತ್ತು ಕೊಡ ನೀರು ಒಂದೇ ಸಲ ಇಳಿಯಿತು. ಗೂಡು ಗುಡುಗಿತು. ಬಿಳಿ ಹೊಗೆ ಮರದೆತ್ತರ ಎದ್ದು, ಕುದಿಯುವ ಸುಣ್ಣ ನಾಲ್ಕೂ ಕಡೆ ಹಾರಿತು. ಕೊಡ ಬಿಸಾಕಿ ಆಳುಗಳು ಓಡಿದರು. ಹೊಗೆ ಇಳಿದಾಗ ಜಟ್ಟ ನೆಲದ ಮೇಲೆ ಮುಖ ಒರೆಸಿಕೊಳ್ಳುತ್ತ ಉರುಳುತ್ತಿದ್ದ. ಸೋಮಿ ಅವನ ಕೈಗಳನ್ನು ಹಿಡಿದುಕೊಂಡು ಕಣ್ಣಿಗೆ ನೀರು ಸುರಿದಳು, ಎಣ್ಣೆ ಬಿಟ್ಟಳು, ಹಾಲುಣಿಸುತ್ತಿದ್ದ ನೆರೆಯವಳೊಬ್ಬಳು ಮೊಲೆಹಾಲು ಹಿಂಡಿದಳು. ಸಂಜೆಯ ಹೊತ್ತಿಗೆ ಅವನ ಕಣ್ಣುಗಳು ಬೇಯಿಸಿದ ಮೀನಿನ ಕಣ್ಣಿನ ಹಾಗೆ ಆಗಿದ್ದವು. ಆಳುಗಳು ತಿರುಗಿ ಬಂದು ಗುಡಿಸಲುಗಳನ್ನು ಕಿತ್ತುಹಾಕಿದ್ದನ್ನು ಅವನು ಶಬ್ದದಿಂದಲೇ ತಿಳಿದುಕೊಳ್ಳಬೇಕಾಯಿತು. ಯಾವುದು ಬಿತ್ತು, ಈಗ ಬಿದ್ದದ್ದು ಯಾರದ್ದು ಎಂದು ಕೇಳುತ್ತಲೇ ಇದ್ದ.

ಕೇರಿ ಗುಡ್ಡದ ಗೇರುಮರಗಳ ಕೆಳಗೆ ಹೋಗಿ ಕೂತಿತು. ಮರುದಿನ ಎರಡು ಎತ್ತಿನಗಾಡಿಗಳು ಬಂದು ಗೂಡಿನಲ್ಲಿ ನೀರು ಬಿದ್ದು ಅರಳಿದ್ದ ಸುಣ್ಣವನ್ನು ತುಂಬಿಕೊಂಡು ಹೋದವು. ಒಳ್ಳೇ ಸುಣ್ಣ. ಎರಡು ಕೈ ಬಳಿಯುವುದರೊಳಗೆ ವಾಚನಾಲಯ ನೋಡಿದರೆ ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು.

ತೆರೆಯುವ ದಿನ ಕಾರವಾರದಿಂದ ದೊಡ್ಡ ಸಾಹೇಬರು ಮೋಟಾರಿನಲ್ಲಿ ಬಂದರು. ಮೆಟ್ಟಿಲಿನಿಂದ ರಸ್ತೆಯ ತನಕ ಬಿದಿರಿನ ಚಪ್ಪರ, ಮಾವಿನೆಲೆ, ಬಣ್ಣದ ಕಾಗದ. ನಾಗಪತಿ ಮಾಸ್ತರು ಹೊಸ ಖಾದಿ ಕೋಟು ತೊಟ್ಟು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಸುಬ್ಬಿ ಹೋಗುತ್ತೇನೆ ಎಂದು ಹೊರಟಳು. ಅವಳ ಹಿಂದೆ ಸೋಮಿಯೂ ಬಂದು, ಇಬ್ಬರೂ ರಸ್ತೆಯಾಚೆ ನಿಂತರು. ತುಳಸಿದಾಸರಾಯರು ಭಾಷಣ ಮಾಡಿದರು. ಇದು ಒಬ್ಬಿಬ್ಬರು ಕಟ್ಟಿದ್ದಲ್ಲ, ಎಲ್ಲರ ಮಾತು ಕೇಳಿ ಕಟ್ಟಿದ್ದು, ಹರಿಜನ ಬಂಧುಗಳ ಸೂಚನೆಯೂ ಈ ಗೋಡೆಗಳಲ್ಲಿ ಸೇರಿದೆ ಎಂದರು. ಚಪ್ಪಾಳೆ ಬಿತ್ತು. ಸಾಹೇಬರು ಎದ್ದು ಬಾಗಿಲಿನ ಟೇಪು ಕತ್ತರಿಸಿದರು.

ಅಷ್ಟರಲ್ಲಿ ಸುಬ್ಬಿ ಚಪ್ಪರದೊಳಗೆ ನಡೆದಳು, ಹಿಂದೆಯೇ ಸೋಮಿ. ಯಾರೂ ತಡೆಯಲಿಲ್ಲ, ತಡೆಯಬೇಕಾದರೆ ಮುಟ್ಟಬೇಕು. ಜನ ಎರಡೂ ಬದಿಗೆ ಸರಿದುಕೊಂಡು ದಾರಿ ತಾನಾಗಿ ಆಯಿತು. ಮೆಟ್ಟಿಲ ಬುಡದಲ್ಲಿ ನಿಂತು ಸಾಹೇಬರಿಗೆ ಕೈ ಮುಗಿದಳು.

"ಪುಸ್ತಕ ಕೇಳೂಕೆ ಬಂದೆ ಒಡ್ಯಾ. ಹಳ್ಳದ ದಂಡೇದು. ಓದಿ ಹೇಳ್ತೆ ಅಂದಿದ್ರು ಮಾಸ್ತರು."

ಸಾಹೇಬರಿಗೆ ಕನ್ನಡ ಬಾರದು. ಮರಾಠಿಯಲ್ಲಿ ಮಾಸ್ತರನ್ನು ಏನೆಂದು ಕೇಳಿದರು. ಮಾಸ್ತರು ರಾಯರ ಕಡೆ ನೋಡಿದರು. ರಾಯರು ಮಾವಿನೆಲೆಯ ತೋರಣ ನೋಡುತ್ತಿದ್ದರು. ಮಾಸ್ತರು ಸೊಂಟದ ಬೀಗದ ಕೈ ಗೊಂಚಲನ್ನು ಮುಟ್ಟಿಕೊಂಡರು. ಆಮೇಲೆ ಮರಾಠಿಯಲ್ಲಿ ಎರಡು ಮಾತು ಹೇಳಿದರು. ಪೇಟೆಯಲ್ಲಿ ಸುಣ್ಣ ಮಾರಿ ಮಾರಿ ಕೊಂಕಣಿ ಕಿವಿಗೆ ಬಿದ್ದಿದ್ದ ಸೋಮಿಗೆ ಮರಾಠಿಯೂ ಅಲ್ಪಸ್ವಲ್ಪ ತಿಳಿಯುತ್ತಿತ್ತು. ಆಶೀರ್ವಾದ ಎಂಬುದೊಂದು ಸ್ಪಷ್ಟವಾಗಿ ಕೇಳಿಸಿತು. ಸಾಹೇಬರ ಮುಖ ಕರಗಿತು. ಮುದುಕಿಗೆ ತಲೆಬಾಗಿ ನಮಸ್ಕಾರ ಮಾಡಿದರು. ಜನ ಮತ್ತೆ ಚಪ್ಪಾಳೆ ತಟ್ಟಿತು. ಯಾರೋ ಬಾಳೆಲೆಯ ಚೂರಿನಲ್ಲಿ ಎರಡು ಪೇಡೆ ತಂದು ನೆಲದ ಮೇಲಿಟ್ಟು ಹಿಂದೆ ಸರಿದರು.

ಸುಬ್ಬಿ ತಿರುಗಿ ಸೊಸೆಯನ್ನು ಹುಡುಕಿದಳು. "ಏನಂದ್ರು ಅವ್ರು?"

"ನೀ ಹರಸೂಕೆ ಬಂದಿ ಅಂದ್ರು ಅತ್ತೆ."

ಮುದುಕಿ ಮಾಸ್ತರ ಮುಖ ನೋಡಿದಳು. ಸಿಟ್ಟಿನಿಂದಲ್ಲ, ಗುರುತು ಸಿಗದವರನ್ನು ನೋಡುವ ಹಾಗೆ. ಆಮೇಲೆ ಒಂದೊಂದೇ ಮೆಟ್ಟಿಲಿಗೆ ಕೈಯೂರಿ ಹತ್ತಿ, ಹೊಸ ಬಾಗಿಲಿನ ಹೊಸ್ತಿಲ ಮೇಲೆ, ಚೌಕಟ್ಟಿನ ಎರಡೂ ಪಟ್ಟಿಗಳ ನಡುವೆ, ಕಾಲು ಚಾಚಿ ಕೂತುಬಿಟ್ಟಳು.

ಗದ್ದಲವೆದ್ದಿತು. ಅವಳನ್ನು ದಾಟದೆ ಒಳಗೆ ಹೋಗುವ ಹಾಗಿಲ್ಲ, ಮುಟ್ಟದೆ ಎಬ್ಬಿಸುವ ಹಾಗಿಲ್ಲ. ಎಳೀರೋ ಅವಳನ್ನ ಎಂದು ರಾಯರು ಕೂಗಿದರು. ಒಬ್ಬರ ಮುಖ ಒಬ್ಬರು ನೋಡಿದರೇ ಹೊರತು ಕಾಲು ಎತ್ತಿದವರಿಲ್ಲ. ಸಾಹೇಬರಿಗೆ ಏನೂ ಅರ್ಥವಾಗದೆ ಕತ್ತರಿ ಹಿಡಿದುಕೊಂಡೇ ನಿಂತಿದ್ದರು. ಮಾಸ್ತರು ಹತ್ತಿರ ಬಂದು ಕೂತರು.

"ಏಳೇ ಅಜ್ಜಿ, ನಿನ್ನ ಕಾಲಿಗೆ ಬೀಳ್ತೆ. ನನ್ನ ಕೆಲ್ಸ ಹೋತದೆ. ನಾಳೆ ಚಾವಡಿಗೆ ಹೋಗಿ ನಾನೇ ಓದ್ಕಂಡು ಬತ್ತೆ."

"ನೀವು ಓದೂ ತನಕ ಇಲ್ಲೇ ಇರ್ತೆ ಮಾಸ್ತರೆ," ಅಂದಳು ಸುಬ್ಬಿ. "ಕೂತ್ಕಂಬೂಕೆ ನಂಗೆ ಬೇರೆ ಜಾಗ ಎಲ್ಲದೆ?"

ಆಗ ರಾಯರ ಆಳೊಬ್ಬ ಚಪ್ಪರದಿಂದ ಒಂದು ಉದ್ದನೆಯ ಬಿದಿರು ಕಿತ್ತ. ಆ ಕಡೆಯ ತೋರಣವೆಲ್ಲ ಕಳಚಿ ಜನರ ತಲೆಯ ಮೇಲೆ ಬಿತ್ತು. ಅವನು ಕೆಳಗೇ ನಿಂತು, ದೂರದಿಂದಲೇ, ಬಿದಿರಿನ ತುದಿಯನ್ನು ಮುದುಕಿಯ ಪಕ್ಕೆಗೆ ಆನಿಸಿ ದಬ್ಬಿದ. ಸುಬ್ಬಿ ಒಂದು ಕಡೆ ವಾಲಿ, ಬಾಗಿಲಪಟ್ಟಿಗೆ ತಲೆ ಬಡಿದು, ಮತ್ತೆ ನೆಟ್ಟಗೆ ಕೂತಳು. ಅವನು ಇನ್ನೊಮ್ಮೆ ದಬ್ಬುವುದರೊಳಗೆ ಸೋಮಿ ಮೆಟ್ಟಿಲು ಹತ್ತಿ ಅತ್ತೆಯ ಪಕ್ಕದಲ್ಲಿ ಕೂತು, ಬಿದಿರಿನ ಆ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.